ಖಾಲಾ ಪಾಲಿಗೆ ಕೊಟ್ಟ ಕೋಳಿಗಳು

ಕೋಳಿ ಹಿಡಿಯುವ ಮುಂಚೆ ಖಾಲಾ ಕೈಯಲ್ಲಿನ ಹಸಿರು ಬಳೆಗಳನ್ನೆಲ್ಲ ಮೊಣಕೈವರೆಗೆ ಸರಿಸಿಕೊಳ್ಳುತ್ತಿದ್ದಳು. ಬಳೆಯ ಸದ್ದಿಗೆ ಎಳೆ ಕೋಳಿಗಳು ಬೆದರುತ್ತವೆ ಎಂಬುದು ಅವಳ ನಂಬಿಕೆ. ಆಮೇಲೆ ಕುಕ್ಕುರುಗಾಲಲ್ಲಿ ಕೂತು, ಸಂಜೆ ಗೂಡಿಗೆ ಬರುವ ಒಂದೊಂದು ಕೋಳಿಯನ್ನೂ ಮಡಿಲಿಗೆ ಎತ್ತಿಕೊಂಡು, ಕುತ್ತಿಗೆಯ ಕೆಳಗಿನ ಕಾಳಿನ ಚೀಲವನ್ನು ಎರಡು ಬೆರಳಿನಿಂದ ಮೆತ್ತಗೆ ಒತ್ತಿ ನೋಡುತ್ತಿದ್ದಳು. ತುಂಬಿದ್ದರೆ ಒಳಗೆ ಬಿಡುವಳು. ಖಾಲಿಯಿದ್ದರೆ, "ದಿನಾ ಪೂರಾ ಏನ ಮಾಡಿದೀ? ಗಾಳಿ ತಿಂದೀಯೇನು?" ಎಂದು ಕೋಳಿಯನ್ನೇ ಕೇಳಿ, ಸೆರಗಿನ ಗಂಟಿನಿಂದ ಒಂದಿಷ್ಟು ಸಜ್ಜೆ ಬಿಚ್ಚಿ ತಿನ್ನಿಸಿಯೇ ಬಿಡುವಳು.

ಹಗರಿಬೊಮ್ಮನಹಳ್ಳಿಯಲ್ಲಿ ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಕಲ್ಲುಗೋಡೆ ಇತ್ತು. ಅವಳ ಗಂಡ ಬಸ್ ನಿಲ್ದಾಣದ ಹತ್ತಿರ ಔಷಧಿ ಹೊಡೆಯುವ ಪಂಪುಗಳನ್ನು ರಿಪೇರಿ ಮಾಡುತ್ತಿದ್ದರು. ಓಣಿಯ ಎಲ್ಲರಿಗೂ ಅವಳು ಖಾಲಾ, ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ನಮ್ಮ ಅವ್ವನಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬೇಕು, ಅವ್ವನೂ ಹಾಗೇ ಕರೆಯುತ್ತಿದ್ದಳು.

ಅವಳಿಗೆ ಮೊಟ್ಟೆ ಹಾಕುವ ಕೋಳಿಗಳ ಮೇಲೆ ಅಷ್ಟೇನೂ ಪ್ರೀತಿಯಿರಲಿಲ್ಲ. ಇನ್ನೂ ಮೊಟ್ಟೆಗೆ ಬಾರದ ಎಳೆ ಯಾಟಿಗಳೆಂದರೆ ಜೀವ. "ಮೊಟ್ಟಿ ಹಾಕೋದನ್ನ ಯಾರ ಬೇಕಾದ್ರೂ ಸಾಕ್ತಾರ. ಅದು ಏನೂ ಕೊಡದಾಗ ಸಾಕಬೇಕು ನೋಡು, ಅದು ಸಾಕೋದು" ಎನ್ನುತ್ತಿದ್ದಳು. ತಾಯಿಯ ಹಿಂದೆ ತಿರುಗುವ ಮರಿಗಳಿಗೆ ನವಣೆ ನುಚ್ಚು. ಒಡೆದ ಗಡಿಗೆಯಲ್ಲಿ ಹಸಿ ಸಗಣಿ, ಹುಲ್ಲು ತುಂಬಿ ಹುತ್ತದ ಹತ್ತಿರ ಬೋರಲು ಹಾಕಿ ಬಂದರೆ ಮರುದಿನ ಗಡಿಗೆಯ ತುಂಬ ಗೆದ್ದಲು. ಅದನ್ನು ಅಂಗಳದಲ್ಲಿ ಕೊಡವಿದಾಗ ಮರಿಗಳು ಒಂದರ ಮೇಲೊಂದು ಬೀಳುತ್ತಿದ್ದವು. ತಾಯಿ ಬಿಟ್ಟ ಮೇಲೆ ಒಡೆದ ಮೆಕ್ಕೆಜೋಳ, ನುಗ್ಗೆಸೊಪ್ಪು. ಉಳಿದದ್ದನ್ನು ಅವೇ ಕೆದರಿ ತಿನ್ನಬೇಕು. ಸುಣ್ಣದಕಲ್ಲಿನ ಪುಡಿ, ಮೊಟ್ಟೆಯ ಸಿಪ್ಪೆ ಇವನ್ನು ಜುಟ್ಟು ಕೆಂಪಾಗಿ ಮೊಟ್ಟೆಗೆ ಬರುವವರೆಗೆ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಯಾರಾದರೂ ಅವಸರ ಮಾಡಿದರೆ, "ಅರೆ, ಅದರ ಹೊಟ್ಟಿ ಅದಕ್ಕ ಗೊತ್ತೈತಿ, ನಿಂಗ್ಯಾಕ?" ಎಂದು ಬಿಡುವಳು.

ಅಪ್ಪ ತೀರಿಕೊಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ. ದಲ್ಲಾಳಿ ಅಂಗಡಿಯಲ್ಲಿ ತೂಕ ಮಾಡುತ್ತಿದ್ದ ಮನುಷ್ಯ, ಮಧ್ಯಾಹ್ನ ಚೀಲಕ್ಕೆ ಒರಗಿ ಕೂತವನು ಏಳಲಿಲ್ಲ. ನಾನಾಗ ಹತ್ತನೇ ತರಗತಿ ಮುಗಿಸಿ ಹೊಲಿಗೆ ಕಲಿಯುತ್ತಿದ್ದೆ. ದಿನಕರ್ಮಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅವ್ವ ಒಳಕೋಣೆಯ ಗೋಡೆ ಹಿಡಿದು ಕೂತಳು. ಅಳಲಿಲ್ಲ. ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದಿಟ್ಟು ಮತ್ತೆ ಅಲ್ಲಿಗೇ ಹೋಗಿ ಕೂರುವಳು. ಅವಳ ರವಿಕೆಗಳು ಸಡಿಲವಾಗುತ್ತ ಬಂದವು. ನಾನು ಹೊಲಿಗೆ ಬಿಚ್ಚಿ ಮತ್ತೆ ಮತ್ತೆ ಹಿಡಿದು ಹೊಲಿದೆ. ಇವಳೂ ಅಪ್ಪನ ಹಿಂದೆಯೇ ಹೋಗಿಬಿಡುತ್ತಾಳೆ ಎಂಬ ಭಯ ನನ್ನನ್ನು ಬಿಟ್ಟಿರಲಿಲ್ಲ. ಕೂಡ್ಲಿಗಿಯಿಂದ ಬಂದ ಸೋದರಮಾವ, "ದಿನಾ ಹೋದಂಗ ಸರಿ ಹೋಗ್ತಾಳ ಬಿಡು" ಎಂದು ಹೇಳಿ ಹೋದ. ದಿನಗಳು ಹೋಗುತ್ತಿದ್ದವು, ಅವ್ವ ಸರಿಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಖಾಲಾ ಬುಟ್ಟಿಯೊಂದನ್ನು ತಂದು ಅವ್ವನ ಮುಂದೆಯೇ ಇಟ್ಟಳು. ಒಳಗೆ ಆರೇಳು ಎಳೆ ಯಾಟಿಗಳು. ತವರೂರು ಚಿಗಟೇರಿಯಿಂದ ತಂದ ಮೊಟ್ಟೆಗಳಿಗೆ ಕಾವು ಕೂರಿಸಿ ಎಬ್ಬಿಸಿದ ಮರಿಗಳವು, ಆಗಷ್ಟೇ ತಾಯಿ ಬಿಟ್ಟಿದ್ದವು.

"ಪಾಲಿಗಿ ಕೊಡಾಕತ್ತೀನಿ, ಸಾಕು. ನನ್ನ ಹಿತ್ತಲದಾಗ ಜಾಗ ಇಲ್ಲ."

ಪಾಲಿಗೆ ಎಂದರೆ ಕೋಳಿ ಅವರದು, ಕಾಳು ಮತ್ತು ಕೆಲಸ ನಮ್ಮದು. ಮೊಟ್ಟೆ, ಮರಿ ಇಬ್ಬರಿಗೂ ಸಮ. ನಮ್ಮ ಕಡೆ ಕುರಿ, ಆಡು, ಕೋಳಿಗೆಲ್ಲ ಈ ಪದ್ಧತಿ ಉಂಟು. ಸ್ವಂತದ ಕೋಳಿ ಸತ್ತರೆ ಸತ್ತಿತು. ಪಾಲಿನ ಕೋಳಿ ಸತ್ತರೆ ಇನ್ನೊಬ್ಬರ ಮುಂದೆ ನಿಂತು ಉತ್ತರ ಹೇಳಬೇಕು. ಖಾಲಾಳ ಹಿತ್ತಲಲ್ಲಿ ಇನ್ನೂ ಇಷ್ಟು ಕೋಳಿ ಹಿಡಿಸುವಷ್ಟು ಜಾಗವಿತ್ತು. ಗೋಡೆಯ ಮೇಲಿಂದ ದಿನವೂ ಕಾಣುತ್ತಿತ್ತು.

"ನನ್ನ ಕೈಲಿ ಆಗಂಗಿಲ್ಲ ಖಾಲಾ" ಎಂದಳು ಅವ್ವ. ಎಷ್ಟೋ ದಿನದ ಮೇಲೆ ಅವಳಾಡಿದ ಮಾತು.

"ಸತ್ರ ನಿನ್ನ ಕೇಳ್ತೀನಿ ಮತ್ತ" ಎಂದು ಖಾಲಾ ಹೊರಟೇಹೋದಳು.

ಮರುದಿನದಿಂದ ಗೂಡಿನ ಬಾಗಿಲು ತೆಗೆಯಲು ಅವ್ವ ಏಳಲೇಬೇಕಾಯಿತು. ನಾನು ತೆಗೆಯಲು ಹೋದರೆ ಗೋಡೆಯಾಚೆಯಿಂದ ಖಾಲಾಳ ದನಿ: "ಏ ಬೇಟಿ, ನಿಂಗ ಕೊಟ್ಟಿಲ್ಲ. ನಿಮ್ಮವ್ವಗ ಕೊಟ್ಟೀನಿ. ಆಕಿ ಕರಿ." ಅವ್ವ ಹೊರಗೆ ಬರುವಳು, ನುಚ್ಚು ಚೆಲ್ಲುವಳು, ಬಿಸಿಲೇರುವವರೆಗೆ ಕೋಳಿಗಳನ್ನೇ ನೋಡುತ್ತ ಕಟ್ಟೆಯ ಮೇಲೆ ಕೂರುವಳು. ಮಾತು ಮಾತ್ರ ಇಲ್ಲ. ಕೋಳಿಗಳು ಚೆನ್ನಾಗಿ ಬೆಳೆದವು. ದುಂಡಗೆ, ಮಿರಮಿರ ಮಿಂಚುತ್ತಿದ್ದವು. ನನಗೆ ಅದೇ ಸಮಾಧಾನ.

ಆದರೆ ಅವುಗಳ ಜೊತೆಗೇ ಹುಟ್ಟಿ ಖಾಲಾಳ ಬಳಿ ಉಳಿದಿದ್ದ ಯಾಟಿಗಳ ಜುಟ್ಟು ಕೆಂಪಾಯಿತು, ಮೊಟ್ಟೆಯೂ ಹಾಕಿದವು. ನಮ್ಮವು ಹಾಕಲಿಲ್ಲ. ಒಂದು ಸಂಜೆ ಖಾಲಾ ಬಂದು ಬಳೆ ಸರಿಸಿ ಕೂತಳು. ಒಂದನ್ನು ಎತ್ತಿ ಬಾಲದ ಕೆಳಗಿನ ಎರಡು ಎಲುಬಿನ ನಡುವೆ ಬೆರಳಿಟ್ಟು, ಮೊಟ್ಟೆಗೆ ದಾರಿಯಾಗಿದೆಯೇ ಎಂದು ನೋಡಿದಳು. ಇನ್ನೊಂದನ್ನು ನೋಡಿದಳು.

"ಏನ ಹಾಕ್ತೀ ಇವಕ್ಕ?"

ಅವ್ವ ಕಟ್ಟೆಯ ಮೇಲಿಂದಲೇ ನುಚ್ಚಿನ ಬುಟ್ಟಿಯ ಕಡೆ ಕೈ ತೋರಿಸಿದಳು.

"ನಿನ್ನ ಕೇಳಾಕತ್ತೀನಿ ತಂಗಿ. ಮೈಯೆಲ್ಲ ಕೊಬ್ಬೈತಿ. ಕೊಬ್ಬಿದ ಯಾಟಿ ಮೊಟ್ಟಿ ಹಾಕಂಗಿಲ್ಲ, ಹಾಕಾಕ ಹೋದ್ರ ಅದರಾಗ ಸಾಯ್ತೈತಿ. ಇದು ನುಚ್ಚು ತಿಂದ ಮೈ ಅಲ್ಲ. ಪಾಲಿನ ಕೋಳಿ ಹಿಂಗ ಕೊಲ್ಲಾಕ ಕೊಟ್ಟೀನೇನು ನಿಂಗ?"

ಅವ್ವ ಕಟ್ಟೆಯಿಂದ ಎದ್ದು ನಿಂತಳು. "ಕೊಲ್ಲಾಕ ಯಾರ ಹಾಕ್ಯಾರ? ರೊಟ್ಟಿ ಹಾಕೀನಿ. ನಮ್ಮನಿಯವರ ಪಾಲಿನ ರೊಟ್ಟಿ. ಹಿಟ್ಟಿಗೆ ಕೂತ್ರ ಈ ಕೈ ಅವರದ್ದೂ ಸೇರಿಸೇ ಬಡೀತೈತಿ, ಏನ ಮಾಡ್ಲಿ? ಎಣ್ಣಿ ಹಾಕಿ ಶೇಂಗಾ ಚಟ್ನಿ ಕಲಸಿ ಇಡ್ತೀನಿ. ಬರಂಗಿಲ್ಲ ಅಂತ ನಂಗೂ ಗೊತ್ತೈತಿ. ತಿಪ್ಪಿಗಿ ಚೆಲ್ಲಲೇನು ಅದನ್ನ?"

ಅವಳ ದನಿ ಅಷ್ಟು ದೊಡ್ಡದಾಗಿದ್ದನ್ನು ನಾನು ಕೇಳಿರಲೇ ಇಲ್ಲ. ಆಚೆ ಮನೆಯವರು ಜಗಳವೆಂದು ಇಣುಕಿದರು. ಅವ್ವ ಅಲ್ಲೇ ಕೋಳಿಗಳ ನಡುವೆ ಕುಸಿದು ಕೂತು, ಅಪ್ಪ ಸತ್ತ ಮೇಲೆ ಮೊದಲ ಸಲ ಅತ್ತಳು. ಖಾಲಾ ಮಡಿಲಿನ ಕೋಳಿಯನ್ನು ಕೆಳಗೆ ಬಿಟ್ಟು, ಇಣುಕಿದವರ ಕಡೆ ಕೈ ಬೀಸಿ ಒಳಗೆ ಕಳಿಸಿ, ಅವಳ ಪಕ್ಕ ಕೂತಳು. ಅಳು ತಾನಾಗಿ ನಿಂತ ಮೇಲೆ ಖಾಲಾ ಹೇಳಿದಳು:

"ಕೋಳಿಗಿ ಹಾಕಬ್ಯಾಡ. ಆ ರೊಟ್ಟಿ ನಂಗ ಕೊಡು. ನಾ ತಿಂತೀನಿ."

ಅವ್ವ ತಲೆಯೆತ್ತಿ ನೋಡಿದಳು.

"ಚಟ್ನಿ ಸಮೇತ ಕೊಡಬೇಕು ಮತ್ತ."

ಅವತ್ತಿನಿಂದ ದಿನವೂ ಮಧ್ಯಾಹ್ನ ಅವ್ವ ಅಪ್ಪನ ಪಾಲಿನ ರೊಟ್ಟಿಯನ್ನು ಗೋಡೆಯ ಮೇಲಿಂದ ಕೊಡುತ್ತಿದ್ದಳು. ಖಾಲಾ ಅಲ್ಲೇ ನಿಂತು ತಿನ್ನುತ್ತಿದ್ದಳು, ಒಳಗೆ ಒಯ್ಯುತ್ತಿರಲಿಲ್ಲ. ತಿನ್ನುವಷ್ಟು ಹೊತ್ತು ಅವ್ವ ಎದುರಿಗೆ ನಿಲ್ಲಬೇಕು, ನಿಂತವಳು ಏನಾದರೂ ಮಾತಾಡಬೇಕು. "ಕೋಳಿ ಬಿಟ್ಟು ಈಗ ನನ್ನ ಕೊಬ್ಬಸ್ತಾಳ ನೋಡು ನಿಮ್ಮವ್ವ" ಎಂದು ಖಾಲಾ ನನಗೆ ಹೇಳುವಳು. ಅವ್ವ ನಗುತ್ತಿರಲಿಲ್ಲ, ಆದರೆ ಅಪ್ಪನಿಗೆ ಉಪ್ಪು ಜಾಸ್ತಿ ಬೇಕಿತ್ತು, ಸುಟ್ಟ ಅಂಚನ್ನು ಮುರಿದಿಡುತ್ತಿದ್ದ ಎಂದೆಲ್ಲ ಒಂದೊಂದೇ ಹೇಳತೊಡಗಿದಳು. ರಂಜಾನ್ ತಿಂಗಳಲ್ಲಿ ಖಾಲಾ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಸಂಜೆ ಉಪವಾಸ ಬಿಟ್ಟ ಮೇಲೆ ಗೋಡೆಗೆ ಬಂದು ತಿನ್ನುತ್ತಿದ್ದಳು.

ಒಂದು ದಿನ ಅವ್ವ ಬರಿಗೈಯಲ್ಲಿ ಗೋಡೆಯ ಹತ್ತಿರ ನಿಂತಳು.

"ಯಾಕ, ಇವತ್ತ ಇಲ್ಲೇನು?"

"ಹಿಟ್ಟು ಇಬ್ಬರಿಗಾಗೋವಷ್ಟ ಕಲಸೀನಿ. ಗೊತ್ತಾಗ್ಲೇ ಇಲ್ಲ ಖಾಲಾ" ಎನ್ನುವಾಗ ಅವ್ವನ ಮುಖ ತಪ್ಪು ಮಾಡಿದವರಂತಿತ್ತು.

"ಬಸ್, ಚಲೋ ಆತು ಬಿಡು. ನಂಗೂ ಹೊಟ್ಟಿ ಉಬ್ಬರಾ ಆಗಾಕತ್ತಿತ್ತು" ಎಂದು ಖಾಲಾ ಒಳಗೆ ಹೋದಳು. ಬಾಗಿಲು ದಾಟುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡೆ.

ಕೊಬ್ಬು ಕರಗಿದ ಯಾಟಿಗಳಲ್ಲಿ ಒಂದು, ಹತ್ತಿ ಸುಗ್ಗಿಯ ಹೊತ್ತಿಗೆ ಮೊಟ್ಟೆ ಹಾಕಿತು. ಬಿಸಿಯಾರುವ ಮುಂಚೆ ಅವ್ವ ಅದನ್ನು ಸೆರಗಿನಲ್ಲಿ ಹಿಡಿದು, ಓಣಿ ಸುತ್ತಿ, ಖಾಲಾಳ ಮುಂಬಾಗಿಲಿಗೆ ಹೋದಳು. ಅಪ್ಪ ಹೋದ ಮೇಲೆ ಅವಳು ಹೊಸ್ತಿಲು ದಾಟಿ ಬೀದಿಗಿಳಿದದ್ದು ಅಂದೇ. ಖಾಲಾ ಮೊಟ್ಟೆಯನ್ನು ಅಂಗೈಯಲ್ಲಿ ಆಡಿಸಿ, "ಇಷ್ಟ ಸಣ್ಣದೇನು? ಇದರಾಗ ಪಾಲು ಹೆಂಗ ಮಾಡ್ಲಿ ನಾನು?" ಎಂದಳು. ಅವ್ವ ನಕ್ಕಳು.

ಖಾಲಾ ಅದರ ನಂತರ ಏಳೆಂಟು ವರ್ಷ ಬದುಕಿದ್ದಳು. ಅವ್ವ ಮೊನ್ನೆ ಮೊನ್ನೆಯವರೆಗೂ ಇದ್ದಳು. ನನ್ನ ಮದುವೆ ಮಾಡಿದಳು, ಮೊಮ್ಮಕ್ಕಳಿಗೆ ಎಣ್ಣೆ ತಿಕ್ಕಿದಳು, ಸಂತೆಯಲ್ಲಿ ಚೌಕಾಸಿ ಮಾಡಿ ಜಗಳ ಆಡಿದಳು. ಅವಳು ಹೋದ ಮೇಲೆ ಖಾಲಾ ಹೆಚ್ಚು ನೆನಪಾಗುತ್ತಾಳೆ. ಅವ್ವನ ಆ ವರ್ಷಗಳೆಲ್ಲ ನನಗೆ ಸಿಕ್ಕದ್ದು ಖಾಲಾಳಿಂದ.

ಖಾಲಾ ತೀರಿಕೊಂಡಾಗ ನಾನು ಬಾಣಂತನಕ್ಕೆ ಅವ್ವನ ಮನೆಯಲ್ಲಿದ್ದೆ. ಅವ್ವ ಮತ್ತೆ ಗೋಡೆ ಹಿಡಿದು ಕೂರುತ್ತಾಳೆಂದು ಹೆದರಿದ್ದೆ. ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅವಳ ಹಾಸಿಗೆ ಖಾಲಿ. ಹಿತ್ತಲಿಗೆ ಬಂದೆ. ಗೋಡೆಯಾಚೆ, ಖಾಲಾಳ ಗೂಡಿನ ಮುಂದೆ ಅವ್ವ ನಿಂತಿದ್ದಳು. ಖಾಲಾಳ ಸೊಸೆ ಅಡುಗೆಮನೆಯ ಬಾಗಿಲಲ್ಲಿ ತಲೆಗೆ ಕೈಹೊತ್ತು ಕೂತಿದ್ದಳು.

"ಏಳವಾ" ಎನ್ನುತ್ತಿದ್ದಳು ಅವ್ವ. "ಹಸದು ಒದರಾಕತ್ಯಾವು. ನಂಗೊಬ್ಬಾಕಿಗೇ ಆಗಂಗಿಲ್ಲ, ಬಾ."

ಆ ಹುಡುಗಿ ಸೆರಗು ಸಿಕ್ಕಿಸಿಕೊಂಡು ಎದ್ದಳು.