ಅಕ್ಕನ ಹೊಸ ದನಿ

ನಮ್ಮಕ್ಕ ರಂಗಮ್ಮನ ಸೆರಗಿನ ತುದಿಯಲ್ಲಿ ಸದಾ ಒಂದು ಗಂಟು ಇರುತ್ತಿತ್ತು. ಬಿಚ್ಚಿದರೆ ಒಂದಿಷ್ಟು ಕಲ್ಲುಸಕ್ಕರೆ, ಜೊತೆಗೆ ಲವಂಗ. ಹುಲಿಕೆರೆಯ ಸುತ್ತ ಯಾರ ಮನೆಯಲ್ಲಿ ಮದುವೆಯಾದರೂ ಸೋಬಾನೆ ಪದ ಎತ್ತಿಕೊಡುವವಳು ಅವಳೇ ಆದ್ದರಿಂದ ಆ ಗಂಟು ಅವಳ ಗಂಟಲಿನ ಕಾವಲುಗಾರ. ಆದರೆ ನೋಡಿ ಗೆಳೆಯರೇ, ಕಾವಲು ಎಷ್ಟೇ ಬಿಗಿಯಾಗಿದ್ದರೂ ಕಳ್ಳನ ದಾರಿ ಬೇರೆಯೇ ಇರುತ್ತದೆ. ಕಳೆದ ವರ್ಷ ಗಂಟು ಸೆರಗು ಬಿಟ್ಟು ಗಂಟಲೊಳಗೇ ಕಾಣಿಸಿಕೊಂಡಿತು.

ಹಾಸನದ ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಕೆಟ್ಟ ಗಂಟಲ್ಲವೆಂದು ಫೋನು ಬಂದಾಗ ನಾನು ಬೇಲೂರಿನ ನನ್ನ ಶಾಲೆಯಲ್ಲಿದ್ದೆ. ಪಾಠವನ್ನು ಅರ್ಧಕ್ಕೇ ನಿಲ್ಲಿಸಿ, ಮಕ್ಕಳೆದುರೇ ಅತ್ತುಬಿಟ್ಟೆ. ಜೀವಕ್ಕೆ ಬಂದ ಭಯ ಹೋಯಿತು, ಜೊತೆಗೆ ಅಕ್ಕನ ದನಿಯೂ ಹೋಯಿತು. ತಿಂಗಳುಗಟ್ಟಲೆ ಬರೀ ಪಿಸುಮಾತು. ಆಮೇಲೆ ಬಂದದ್ದು ದಪ್ಪನಾದ, ತಗ್ಗಿದ, ಬೇರೆ ಯಾರದೋ ಎಂಬಂಥ ದನಿ. ಮಾತಿಗೆ ಇಷ್ಟು ಸಾಕಲ್ಲ ಎಂದರು ಡಾಕ್ಟರು.

"ಜೀವ ಉಳೀತಲ್ಲ, ಪದ ಹೋದ್ರೆ ಹೋಗ್ಲಿ ಬುಡು" ಎಂದಳು ಅಕ್ಕ. ಹಾಗೆಂದವಳು ಮದುವೆಮನೆಗಳ ಕಡೆ ತಲೆಹಾಕುವುದನ್ನೇ ಬಿಟ್ಟಳು. ದನಿ ಎಂಬುದು ವಿಚಿತ್ರ ಆಸ್ತಿ. ಒಡವೆಯಂತೆ ಪೆಟ್ಟಿಗೆಯಲ್ಲಿಡಲಾಗದು, ಹೊಲದಂತೆ ಪಾಲು ಮಾಡಲಾಗದು. ಮುಖವನ್ನಾದರೆ ಕನ್ನಡಿ ತೋರಿಸುತ್ತದೆ. ದನಿಯನ್ನು ನಮಗೆ ತೋರಿಸಬಲ್ಲವರು ಕೇಳುವ ಮಂದಿ ಮಾತ್ರ. ಆ ಮಂದಿಯನ್ನೇ ದೂರ ಮಾಡಿದವಳಿಗೆ ತನ್ನ ದನಿ ಹೇಗಿದೆಯೆಂದು ತಿಳಿಯುವುದಾದರೂ ಹೇಗೆ?

ದಸರೆ ಕಳೆದು ದೀಪಾವಳಿ ಇನ್ನೂ ಬಾರದ ಶರತ್ಕಾಲದ ದಿನಗಳಲ್ಲಿ ಅರಸೀಕೆರೆಯಾಚೆಯ ಗುಡ್ಡವೊಂದರ ಮೇಲೆ ಸುತ್ತಿನ ಹಳ್ಳಿಯವರು ಸೇರಿ ಹಾಡು-ಕಸುಬಿನ ಹಬ್ಬ ನಡೆಸುತ್ತಾರೆ. ಅಕ್ಕನ ವಾರಗಿತ್ತಿ ಜಯಮ್ಮನ ತಂಡಕ್ಕೆ ಈ ಸಲ ಕರೆ ಬಂದಿತ್ತು. ಅಕ್ಕ ನನ್ನನ್ನೂ ಕರೆದುಕೊಂಡು ಹೊರಟಳು, ಆದರೆ ಷರತ್ತು ಹಾಕಿ: "ನಾನು ಮೊರ ತಕ್ಕೊಳ್ಳಾಕೆ ಬತ್ತೀನಿ. ಹಾಡು ಅಂದ್ರೆ ಎದ್ದು ಹೊಂಟೋಯ್ತೀನಿ."

ಗುಡ್ಡದ ಬುಡದಲ್ಲಿ ಹುಚ್ಚೆಳ್ಳು ಹೊಲಗಳು ಹಳದಿ ಹೂ ಹೊದ್ದು ಮಲಗಿದ್ದವು. ಮೇಲೆ ಕಂಬಳಿ ನೇಯುವವರು, ತಿಗರಿ ತಿರುಗಿಸುವ ಕುಂಬಾರರು, ಬಿದಿರು ಸೀಳುವವರು. ಎಲ್ಲರ ಸದ್ದಿನ ನಡುವೆ ಎಲ್ಲಿಂದಲೋ ತಂಬೂರಿಯ ನಾದ. ಅಕ್ಕ ಹೇಳಿದಂತೆಯೇ ಮೊರದ ರಾಶಿಯ ಪಕ್ಕ ಕುಳಿತು, ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡುತ್ತಿದ್ದಳು.

ಆಲದ ಮರದಡಿಯ ಕಟ್ಟೆಯ ಮೇಲೆ ಜಯಮ್ಮ ಹೆಣ್ಣು ಒಪ್ಪಿಸುವ ಪದ ಎತ್ತಿದಳು. ಚೆನ್ನಾಗಿಯೇ ಸಾಗಿದ್ದ ಹಾಡು ನಡುವೆ ನಿಂತಿತು. ಮೈಕಿನಲ್ಲಿ ಜಯಮ್ಮ ಕೂಗಿದಳು: "ಅಕ್ಕಯ್ಯಾ, ಮುಂದ್ಲ ಸೊಲ್ಲು ಮರ್ತೋಯ್ತು ಕಣಕ್ಕಯ್ಯ!"

ಜನರೆಲ್ಲ ತಿರುಗಿ ನೋಡಿದರು. ಅಕ್ಕನಿಗೆ ನಾಚಿಕೆಗಿಂತ ಸಿಟ್ಟೇ ಮೊದಲು ಬಂತು. "ನೂರು ಮದ್ವೇಲಿ ಹಾಡಿದ್ದೀಯಲ್ಲೇ, ಅದೆಂಗೆ ಮರ್ತೀಯೇ?" ಎನ್ನುತ್ತ, ಮೊರ ಕೈಯಲ್ಲಿ ಹಿಡಿದೇ ಕಟ್ಟೆ ಹತ್ತಿದಳು. ಬೈಯುವ ಭರದಲ್ಲೇ ಸೊಲ್ಲು ಹಾಡಿಬಿಟ್ಟಳು.

ದಪ್ಪ ದನಿ ಗುಡ್ಡದ ಮೇಲೆಲ್ಲ ಹರಡಿತು. ಮುಂದೆ ಕುಳಿತಿದ್ದ ಯಾರೋ ಕಿಸಕ್ಕನೆ ನಕ್ಕರು. ಅಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಗ ಜಯಮ್ಮ ತನ್ನ ದನಿಯನ್ನು ತಗ್ಗಿಸಿ, ಅಕ್ಕನ ಶ್ರುತಿಗೇ ಇಳಿದು ಅದೇ ಸೊಲ್ಲನ್ನು ಮತ್ತೆ ಹಾಡಿದಳು. ತಂಡದ ಹೆಂಗಸರೆಲ್ಲ ಅವಳ ಹಿಂದೆಯೇ ಇಳಿದರು, ಹೊಳೆ ದಾಟಲಾರದವಳ ಕೈಹಿಡಿಯಲು ಒಬ್ಬೊಬ್ಬರಾಗಿ ನೀರಿಗಿಳಿದಂತೆ. ಅಕ್ಕನ ಕೈ ಬಾಯಿಂದ ಸರಿಯಿತು. ಮುಂದಿನ ಸೊಲ್ಲನ್ನು ಅವಳೇ ಎತ್ತಿದಳು, ಅದರ ಮುಂದಿನದನ್ನೂ. ನಕ್ಕವರು ಸುಮ್ಮನಾದರು. ಆ ಪದ ಅಷ್ಟು ತಗ್ಗಿನಲ್ಲಿ ಮಗಳ ಸಂಭ್ರಮವಾಗಿ ಉಳಿಯದೆ, ಅವಳನ್ನು ಕಳಿಸಿಕೊಡುವವರ ಭಾರವಾಗಿ ಕೇಳಿಸಿತು.

ಕಟ್ಟೆ ಇಳಿದು ಬಂದವಳು ನನ್ನ ಮುಖ ನೋಡದೆ ಕೇಳಿದಳು: "ಹೆಂಗಿತ್ತೇ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಅಪ್ಪಯ್ಯ ಹಾಡಿದ ಹಾಗಿತ್ತು ಕಣಕ್ಕ" ಎಂದೆ.

ಅಪ್ಪಯ್ಯ ಎತ್ತು ಹೂಡಿ ಕಪಿಲೆ ಬಾವಿಯಿಂದ ನೀರೆತ್ತುವಾಗ ಹಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪದಗಳನ್ನು ಯಾರೂ ಮುಟ್ಟಿರಲಿಲ್ಲ. ವರ್ಷದಿಂದ ನಾನು ಕಾಣದಿದ್ದ ನಗು ಅಕ್ಕನ ಮುಖದಲ್ಲಿ ಅರಳಿತು.

"ಅವ್ರ ಬಾವಿ ಪದ ಎಲ್ಲಾ ನಂಗೆ ಬಾಯಿಗೆ ಬರ್ತಾವೆ ಕಣೇ. ಅಷ್ಟು ಕೆಳಿಕೆ ನನ್ ದನಿ ಇಳೀತಿರಲಿಲ್ಲ ಅಂತ ಹಾಡ್ತಿರಲಿಲ್ಲ."

"ಈಗ ಇಳೀತದಲ್ಲ?"

ಅವಳು ಜಯಮ್ಮನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ಎತ್ತುಗಳನ್ನು ಹುರಿದುಂಬಿಸುವ ಹಾಗೆ "ಹೋ..." ಎಂದು ಎಳೆದಳು. ಕಂಬಳಿ ನೇಯುತ್ತಿದ್ದ ಮುದುಕರೊಬ್ಬರು ಮಗ್ಗದಿಂದ ತಲೆಯೆತ್ತಿ, ಬಾವಿಯಿಂದ ನೀರು ಮೇಲೆ ಬಂದಿತೆಂಬಂತೆ, "ಓಹೋ" ಎಂದು ಮಾರುತ್ತರ ಕೊಟ್ಟರು.