ಕರಾಳಿಗೆ ದನಿ ಕೊಟ್ಟ ಮೋತಿಬಿ

ಬೆಟಗೇರಿಯ ನೇಕಾರರ ಓಣಿಗಳಲ್ಲಿ ಮಗ್ಗಗಳು ಆಡುತ್ತಿರುವಾಗ ಬೀದಿಯಲ್ಲಿ ಯಾರು ಏನು ಕೂಗಿದರೂ ಒಳಗಿನವರಿಗೆ ಕೇಳುವುದಿಲ್ಲ. ಮೋತಿಬಿ ಕೂಗಿದರೆ ಮಾತ್ರ ಕೇಳುತ್ತಿತ್ತು. "ಉಳ್ಳಾಗಡ್ಡೀ... ಬಳ್ಳೊಳ್ಳೀ..." ಎಂದು ಈರುಳ್ಳಿ ಬೆಳ್ಳುಳ್ಳಿಯ ಗಾಡಿ ತಳ್ಳಿಕೊಂಡು ಬಂದು ಅವಳು ಓಣಿಯ ಮೂಲೆಯಲ್ಲಿ ಒಮ್ಮೆ ಕೂಗಿದರೆ ಸಾಕು, ಹೆಂಗಸರು ಕೆಲಸ ಬಿಟ್ಟು ಬುಟ್ಟಿ ಹಿಡಿದು ಹೊರಗೆ ಬರುತ್ತಿದ್ದರು. ಇಂಪಾದ ದನಿಯೇನಲ್ಲ ಅದು. ದಪ್ಪಗೆ, ಒಡೆದು, ಹೊಟ್ಟೆಯ ತಳದಿಂದ ಎದ್ದು ಬರುವ ದನಿ.

ಆ ದನಿಯ ಸಲುವಾಗಿ ಅವಳು ಅನ್ನಿಸಿಕೊಂಡದ್ದು ಬಹಳ. ಯಳವತ್ತಿಯಲ್ಲಿ ಹುಡುಗಿಯಾಗಿದ್ದಾಗ ಜೋಳದ ಹೊಲದಲ್ಲಿ ನಿಂತು ಹಕ್ಕಿ ಓಡಿಸುತ್ತಿದ್ದಳು. ಆಗ ಅದು ಗುಣವಾಗಿತ್ತು. ಮದುವೆಯಾಗಿ ಬೆಟಗೇರಿಗೆ ಬಂದ ಮೇಲೆ ಅವಗುಣವಾಯಿತು. "ಮನ್ಯಾಗ ಗಂಡಸು ಯಾರು, ಹೆಂಗಸು ಯಾರು, ಹೊರಗಿನವರಿಗೆ ತಿಳೀವಲ್ದು" ಎಂದು ಅತ್ತೆ ಬಂದವರ ಎದುರೇ ಅನ್ನುತ್ತಿದ್ದಳು. ಗಂಡ ಖಾಜಾಸಾಬ ಮೆತ್ತನೆಯ ಮನುಷ್ಯ, ಛತ್ರಿ ರಿಪೇರಿ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಮೋತಿಬಿ ಕೈಗಾಡಿ ಹಿಡಿದಳು, ಅವಗುಣವೇ ಹೊಟ್ಟೆಗೆ ಹಾಕಿತು.

ಒಬ್ಬಳೇ ಮಗಳು, ಗುಲ್ನಾಜ. ಅವಳನ್ನು ಮುಂಡರಗಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ರಕ್ತ ನಿಲ್ಲದೆ ಸತ್ತಳು. ಹುಟ್ಟಿದ ಹೆಣ್ಣುಕೂಸು ಉಳಿಯಿತು. ಆಸ್ಪತ್ರೆಯಿಂದ ಮಗಳ ಹೆಣ ಮನೆಗೆ ತಂದಾಗ ಮೋತಿಬಿ ಬಾಯಿ ತೆರೆದದ್ದೇ ತಡ, ಹಿರೇರು ಅವಳ ಬಾಯಿಗೆ ಸೆರಗು ಒತ್ತಿದರು. "ದನಿ ತಗದು ಅಳಬ್ಯಾಡ, ಸತ್ತವರಿಗೆ ತ್ರಾಸಾಗತೈತಿ. ನಿನ್ನ ದನಿ ಬ್ಯಾರೆ ಎಂಥಾದ್ದು ಗೊತ್ತಿಲ್ಲೇನು?" ಎಂದು ಕೂಸನ್ನು ತೊಡೆಯ ಮೇಲೆ ಹಾಕಿದರು. ಮೋತಿಬಿ ಅಳಲಿಲ್ಲ. ಅಳಿಯ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದ. ಕೈನಾತ ಎಂದು ಹೆಸರಿಟ್ಟ ಆ ಕೂಸನ್ನು ಮೋತಿಬಿ ಗಾಡಿಯಲ್ಲಿ ಉಳ್ಳಾಗಡ್ಡಿ ಚೀಲಗಳ ನಡುವೆ ಮಲಗಿಸಿಕೊಂಡು ಓಣಿ ಓಣಿ ತಿರುಗಿ ದೊಡ್ಡದು ಮಾಡಿದಳು. ಹುಡುಗಿಗೆ ಹತ್ತೊಂಬತ್ತು ತುಂಬಿತ್ತು. ಗದಗಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು.

ಮೋತಿಬಿಯ ಗಾಡಿ ದಿನಾ ನಿಲ್ಲುತ್ತಿದ್ದ ಮನೆಗಳಲ್ಲಿ ಯಮನವ್ವನದೂ ಒಂದು. ಅವಳ ಮೊಮ್ಮಗಳು ಮೇಘಾ ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಒಂದು ಸಣ್ಣ ಸ್ಟುಡಿಯೋದಲ್ಲಿ ಕೆಲಸ ಮಾಡಿ ಬರುತ್ತಿದ್ದಳು. ಸಿನಿಮಾಕ್ಕೆ, ಜಾಹೀರಾತಿಗೆ, ಮೊಬೈಲ್ ಆಟಗಳಿಗೆ ಬೇಕಾದ ಸಪ್ಪಳಗಳನ್ನು ಹಿಡಿದು ಕೂಡಿಸಿ ಕೊಡುವ ಕೆಲಸ. ಆ ವರ್ಷ ಚಳಿಗಾಲದಲ್ಲಿ ಒಂದು ದಿನ ಅವಳು ಗಾಡಿಯ ಹತ್ತಿರ ಬಂದು ನಿಂತಳು.

"ಆಯಿ, ನಿನ್ನ ದನಿ ಬೇಕಾಗೈತಿ."

"ದನಿ ತೂಗಿ ಮಾರೂದಿಲ್ಲವಾ. ಉಳ್ಳಾಗಡ್ಡಿ ಬೇಕಾದ್ರ ಹೇಳು."

ಮೇಘಾ ನಕ್ಕು ತಿಳಿಸಿ ಹೇಳಿದಳು. ಒಂದು ದೊಡ್ಡ ಕಂಪನಿ ಆಟ ತಯಾರು ಮಾಡುತ್ತಿದೆ. ಆಟದಲ್ಲಿ ಗುಡ್ಡದಷ್ಟು ಎತ್ತರದ ಮೃಗಗಳು ಊರ ನಡುವೆ ನಿಂತು ಒಂದರ ಮೇಲೊಂದು ಬಿದ್ದು ಬಡಿದಾಡುತ್ತವೆ. ಅವುಗಳಲ್ಲಿ ಒಂದು ಹೆಣ್ಣು, ಹೆಸರು ಕರಾಳಿ, ಬತ್ತಿದ ಕೆರೆಯ ತಳದಿಂದ ಎದ್ದು ಬಂದವಳು. ಹುಲಿ, ಆನೆ, ರೈಲಿನ ಸೀಟಿ ಎಲ್ಲ ಕೂಡಿಸಿ ನೋಡಿದರೂ ಅವಳಿಗೆ ದನಿ ಹೊಂದುತ್ತಿಲ್ಲ.

"ಸಣ್ಣಾಕಿದ್ದಾಗ ನಿನ್ನ ಕೂಗು ಕೇಳಿ ನಾ ಮಗ್ಗದ ಕೆಳಗ ಅಡಗಿ ಕುಂಡ್ರತಿದ್ದೆ ಆಯಿ. ನಂಗ ಅದ ದನಿ ಬೇಕು."

ಮೋತಿಬಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಐವತ್ತೆಂಟು ವರ್ಷದಲ್ಲಿ ಆ ದನಿಯನ್ನು ಬೇಕು ಎಂದು ಕೇಳಿಕೊಂಡು ಬಂದವಳು ಇವಳೊಬ್ಬಳೇ. ಒಪ್ಪಿದಳು. ಇಂಗ್ಲಿಷಿನ ಒಂದು ಕಾಗದಕ್ಕೆ ಸಹಿ ಮಾಡಿದಳು.

ಲಕ್ಕುಂಡಿಯ ಆಚೆ ಒಂದು ಹೊಲದಲ್ಲಿ ಮೆಟ್ಟಿಲಿರುವ ಹಾಳುಬಾವಿ ಇದೆ. ಅದರೊಳಗೆ ದನಿ ಸುತ್ತಿ ಸುತ್ತಿ ಮೇಲೆ ಬರುತ್ತದೆ ಎಂದು ಮೇಘಾ ಅಲ್ಲಿಗೇ ಕರೆದುಕೊಂಡು ಹೋದಳು. ಮೂರು ದಿನ ಮುಂಜಾನೆ ಮೋತಿಬಿ ಮೆಟ್ಟಿಲ ಮೇಲೆ ನಿಂತು ಕೂಗಿದಳು. ಹಸಿದ ಮೃಗದ ಕೂಗು, ಹೊಡೆತ ತಿಂದ ಕೂಗು, ಗೆದ್ದ ಕೂಗು. ಕೂಗುತ್ತ ಕೂಗುತ್ತ ಅವಳಿಗೆ ಹುರುಪು ಬಂತು. ಬಾವಿಯ ಗೋಡೆಯಲ್ಲಿದ್ದ ಪಾರಿವಾಳಗಳು ಹಾರಿಹೋದಾಗ ಸಣ್ಣ ಹುಡುಗಿಯ ಹಾಗೆ ನಕ್ಕಳು.

ಮೂರನೆಯ ದಿನ ಮೇಘಾ ಹೇಳಿದಳು: "ಇನ್ನ ಒಂದ ಉಳದೈತಿ ಆಯಿ. ಸಾಯೂ ಕೂಗು. ಭಾಳ ದುಃಖದ್ದು ಏನರ ನೆನಸ್ಕೊ, ಮಾತು ಏನರ ಬರ್ಲಿ, ಬಿಟ್ಟುಬಿಡು."

ಮೋತಿಬಿ ಇನ್ನೆರಡು ಮೆಟ್ಟಿಲು ಇಳಿದು ಕೆಳಗಿನ ನೀರಿನ ಕಡೆ ಮುಖ ಮಾಡಿದಳು. ಆಮೇಲೆ ಬಂದ ದನಿಗೆ ಮೇಘಾ ಕಿವಿಗೆ ಹಾಕಿಕೊಂಡಿದ್ದ ಯಂತ್ರವನ್ನು ಕಿತ್ತು ಹಿಂದೆ ಸರಿದಳು. "ಇಕಿನ್ನ ಯಾಕ ಕೊಟ್ಟೀ! ಅಕಿನ್ನ ಯಾಕ ಒಯ್ದೀ! ಇಕಿನ್ನ ಒಯ್ದು ಅಕಿನ್ನ ಬಿಡಬೇಕಾಗಿತ್ತಲ್ಲೋ!" ದೇವರನ್ನು ಕೇಳಿದ ಮಾತು ಅದು. ಹತ್ತೊಂಬತ್ತು ವರ್ಷದ ಹಿಂದೆ ಸೆರಗು ಒತ್ತಿ ಒಳಗೆ ತಳ್ಳಿದ್ದು ಒಂದಕ್ಷರವೂ ಕೆಡದೆ ಹೊರಗೆ ಬಂತು.

ತಿರುಗಿ ಬರುವಾಗ ಬಸ್ಸಿನಲ್ಲಿ ಮೋತಿಬಿ ಎರಡು ಸಲ ಕೇಳಿದಳು. "ಆ ಮಾತು ಕೇಳಸ್ತಾವೇನು ಮೇಘಾ? ಹುಡುಗಿ ಕಿವಿಗೆ ಬೀಳಬಾರ್ದು."

"ದನಿ ಪೂರಾ ನಿಧಾನ ಮಾಡಿ ದಪ್ಪ ಮಾಡ್ತೀವಿ ಆಯಿ. ಬರೇ ಗುಡುಗಿದಂಗ ಇರತೈತಿ. ಒಂದಕ್ಷರ ತಿಳಿಯೂದಿಲ್ಲ."

ಮೇಘಾ ಸುಳ್ಳು ಹೇಳಿರಲಿಲ್ಲ. ಬೇಸಿಗೆಯಲ್ಲಿ ಆ ಆಟದ ಮೊದಲ ವಿಡಿಯೋ ಬಂತು. ಆಟ ಇನ್ನೂ ಬಂದಿರಲಿಲ್ಲ, ಚಳಿಗಾಲಕ್ಕೆ ಬರುತ್ತದೆ ಎಂದು ಹೇಳುವ ಎರಡು ನಿಮಿಷದ ವಿಡಿಯೋ ಅಷ್ಟೆ. ಅದರ ಕೊನೆಗೆ ಕರಾಳಿ ಎರಡು ಗೋಪುರಗಳ ಮೇಲೆ ಉರುಳಿ ಬಿದ್ದು ಕೂಗುತ್ತಾಳೆ. ಮಾತಿಲ್ಲ, ಬರೀ ದನಿ. ಆ ಕೂಗು ಹತ್ತೇ ದಿನದಲ್ಲಿ ಎಲ್ಲರ ಮೊಬೈಲಿನಲ್ಲೂ ಹರಿದಾಡಿತು. ಕ್ರಿಕೆಟ್ ಸೋತವರ ಚಿತ್ರಕ್ಕೆ, ಪರೀಕ್ಷೆ ಫೇಲಾದವರ ಚಿತ್ರಕ್ಕೆ, ಪಂಚೆ ಜಾರಿ ಬಿದ್ದ ಮದುಮಗನ ಚಿತ್ರಕ್ಕೆ ಅದೇ ಕೂಗು ಹಚ್ಚಿ ಜನ ನಕ್ಕರು. ಓಣಿಯ ಮಕ್ಕಳು ಹಾಗೆಯೇ ಕೂಗಿ ಗಟಾರದ ಪಕ್ಕ ಉರುಳಿ ಬೀಳುವ ಆಟ ಕಟ್ಟಿದರು. ದನಿ ಯಾರದೆಂದು ಓಣಿಗೆಲ್ಲ ಗೊತ್ತಾಗಿ, ಮೋತಿಬಿಯ ಗಾಡಿ ಕಂಡರೆ "ಕರಾಳಿ ಬಂದ್ಲೋ" ಎಂದು ಓಡುತ್ತಿದ್ದರು.

ಮೋತಿಬಿ ಮೇಘಾಳ ಮನೆಗೆ ಹೋದಳು. "ಉಳಿದದ್ದೆಲ್ಲ ಇರ್ಲಿ ಯವ್ವಾ. ಅದೊಂದು ಕೂಗು ತಗಸು. ಮಗಳ ಹೆಣದ ಮುಂದ ಅಳಬೇಕಾಗಿದ್ದು ಅದು. ಮಂದಿ ನಗಾಕತ್ಯಾರ."

ಮೇಘಾ ಕೇಳಿ ನೋಡಿದಳು. ಮರುವಾರ ತಾನೇ ಬಂದು ತಲೆ ತಗ್ಗಿಸಿ ನಿಂತಳು. "ಆಗೂದಿಲ್ಲಂತ ಆಯಿ. ಅದ ಕೂಗಿನಿಂದನ ಆಟಕ್ಕ ಹೆಸರು ಬಂದೈತಂತ. ಸಹಿ ಮಾಡಿದ ಕಾಗದದಾಗ ದನಿ ಪೂರಾ ಅವರದು ಅಂತ ಐತಿ. ನಾನೂ ಅದನ್ನ ಸರಿಯಾಗಿ ಓದಿದ್ದಿಲ್ಲ." ಇನ್ನೊಂದು ಮಾತನ್ನೂ ಸೇರಿಸಿದಳು. "ಮುಂದಿನ ಮೃಗಕ್ಕ ನಿನ್ನ ಕರಿಯೂದೂ ಬ್ಯಾಡಂತ. ಇದ್ದ ದನೀಲೆ ಕಂಪ್ಯೂಟರ್‌ನಾಗ ಎಷ್ಟು ಬೇಕಾದ್ರೂ ಹೊಸಾ ಕೂಗು ಮಾಡ್ಕೋತಾರಂತ."

"ಅಂದ್ರ ನಾ ಸತ್ತ ಮ್ಯಾಲೂ ಒದರಸ್ತಾರೇನು?" ಎಂದಳು ಮೋತಿಬಿ.

ಇಷ್ಟೆಲ್ಲದರ ನಡುವೆ ಖುಷಿಯಾಗಿದ್ದವಳು ಕೈನಾತ ಒಬ್ಬಳೇ. ಉಳ್ಳಾಗಡ್ಡಿ ಮಾರುವವಳ ಮೊಮ್ಮಗಳು ಎಂದು ಕಾಲೇಜಿನಲ್ಲಿ ಹೇಳಿಕೊಳ್ಳಲು ಹಿಂಜರಿಯುತ್ತಿದ್ದ ಹುಡುಗಿ ಈಗ ಕರಾಳಿ ನಮ್ಮ ನಾನಿ ಎಂದು ಕಂಡಕಂಡವರಿಗೆ ಹೇಳುತ್ತಿದ್ದಳು. ಆ ಕೂಗನ್ನೇ ಮೊಬೈಲಿನ ರಿಂಗ್‌ಟೋನ್ ಮಾಡಿಕೊಂಡಿದ್ದಳು. ಯಾರಾದರೂ ಫೋನ್ ಮಾಡಿದಾಗಲೆಲ್ಲ ಆ ಸಣ್ಣ ಮನೆಯಲ್ಲಿ ಗುಲ್ನಾಜಳ ಸಾವಿಗೆ ಅತ್ತ ಅಳು ಒಮ್ಮೆ ಕೇಳಿಸಿ ನಿಲ್ಲುತ್ತಿತ್ತು. ಮೋತಿಬಿ "ಅದನ್ನ ತಗೀ" ಎಂದರೆ "ಯಾಕ ನಾನಿ, ಎಷ್ಟು ಚೊಲೊ ಐತಿ" ಎನ್ನುತ್ತಿದ್ದಳು. ಯಾಕೆ ಎಂದು ಹೇಳುವ ಹಾಗಿರಲಿಲ್ಲ.

ಗೆಳತಿಯರು ನಂಬಲಿಲ್ಲ. ಅದು ಯಂತ್ರದ ದನಿ, ನಿಮ್ಮಜ್ಜಿಯದು ಎಂದು ಸುಳ್ಳು ಹೇಳುತ್ತೀ ಎಂದು ನಕ್ಕರು. ಕೈನಾತಳಿಗೆ ಹಟ ಬಂತು. ದನಿಯನ್ನು ನಿಧಾನ ಮಾಡಿದ್ದಾರೆ ಎಂಬುದು ಅವಳಿಗೆ ಮೇಘಾಳಿಂದ ಗೊತ್ತಿತ್ತು. ತಿರುಗಿ ವೇಗ ಹೆಚ್ಚಿಸಿದರೆ ನಾನಿಯ ದನಿಯೇ ಬರಬೇಕು, ಆಗ ಯಾರೂ ಅಲ್ಲ ಅನ್ನುವಂತಿಲ್ಲ. ಹಾಗೆ ಮಾಡಲು ಮೊಬೈಲಿನಲ್ಲೇ ದಾರಿ ಇತ್ತು.

ರವಿವಾರ ಮಧ್ಯಾಹ್ನ. ಮೋತಿಬಿ ಹೊಸ್ತಿಲ ಬಳಿ ಕೊಳೆತ ಉಳ್ಳಾಗಡ್ಡಿ ಆರಿಸುತ್ತಿದ್ದಳು. ಒಳಗಿನಿಂದ ಮೊದಲು ಗುಡುಗು ಕೇಳಿತು. ಆಮೇಲೆ ಅದೇ ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಅವಳದೇ ದನಿಯಾಯಿತು. ಗೋಪುರ ಬೀಳುವ ಸಪ್ಪಳದ ನಡುವೆಯೂ ಮಾತು ಸ್ಪಷ್ಟವಾಗಿತ್ತು. ಮೋತಿಬಿ ಎದ್ದು ಹೋಗಿ ಮೊಬೈಲು ಕಸಿದುಕೊಳ್ಳಬಹುದಾಗಿತ್ತು, ಕೈಯಲ್ಲಿದ್ದ ಉಳ್ಳಾಗಡ್ಡಿಯನ್ನೇ ತಿರುಗಿಸಿ ನೋಡುತ್ತ ಕೂತಳು. ಹುಡುಗಿ ಅದನ್ನು ಮೂರು ಸಲ ಹಚ್ಚಿದಳು. ಮೂರನೆಯ ಸಲ ಮುಗಿದ ಮೇಲೆ ಮೊಬೈಲು ಆರಿಸಿದಳು. ಆಮೇಲೆ ಕೈನಾತ ಬಂದು ಬಾಗಿಲಲ್ಲಿ ನಿಂತಳು.

"ನಾನಿ, 'ಇಕಿನ್ನ' ಅಂದ್ರ ಯಾರು?"

"ಯಾವಾಗಿಂದೋ ಮಾತು ಅದು."

"ಯಾರು ಅಂತ ಕೇಳಿದೆ."

"ನಿಂಗ ಗೊತ್ತೈತಿ."

"ನಿನ್ನ ಬಾಯಿಲೆ ಹೇಳು."

ಮೋತಿಬಿ ತಲೆ ಎತ್ತದೆ ಹೇಳಿದಳು. "ನೀನು."

ಕೈನಾತ ಅಳಲಿಲ್ಲ. "ನಾ ಸತ್ತು ಅಮ್ಮಿ ಉಳೀಬೇಕಾಗಿತ್ತು ಅಂತ ಇವತ್ತಿಗೂ ನಿನ್ನ ಮನಸ್ಸಿನ್ಯಾಗ ಐತಿ ಹಂಗಾರ."

"ಇಲ್ಲ. ಅವತ್ತಿನ ಮಾತು ಅದು. ಅವತ್ತು ಹೇಳಾಕ ಬಿಡಲಿಲ್ಲ, ಒಳಗ ಉಳಕೊಂಡಿತ್ತು."

"ಉಳಕೊಂಡಿತ್ತು ಅಂದ್ರ ಇತ್ತು ಅಂದಂಗ ಆತಲ್ಲ ನಾನಿ."

ಆಡಿನ ಹಾಲಲ್ಲಿ ಅರಳೆ ಅದ್ದಿ ಹನಿ ಹನಿ ಕುಡಿಸಿದ್ದು, ಜ್ವರ ಬಂದಾಗ ಎದೆಗೆ ಕಟ್ಟಿಕೊಂಡು ಗಾಡಿ ತಳ್ಳಿದ್ದು ಎಲ್ಲ ಮೋತಿಬಿಯ ನಾಲಿಗೆಯ ತುದಿಗೆ ಬಂದವು. ಈಗ ಅವನ್ನೆಲ್ಲ ಆಡಿದರೆ ಮಾಡಿದ ಉಪಕಾರ ಎತ್ತಿ ತೋರಿಸಿದಂತಾಗುತ್ತದೆ ಎಂದು ಸುಮ್ಮನಾದಳು. ಸುಮ್ಮನಾದದ್ದು ತಪ್ಪಾಯಿತೇನೋ ಎಂದು ಆಮೇಲೆ ಅನೇಕ ಸಲ ಅನ್ನಿಸಿತು.

ಮರುದಿನ ಮುಂಜಾನೆ ಕೈನಾತ ಚಹಾದ ಲೋಟ ತಂದು ಮುಂದಿಟ್ಟಳು. "ತಗೋರಿ ನಾನಿ. ಆರತೈತಿ."

ಹುಟ್ಟಿದಂದಿನಿಂದ ನೀನು ಎಂದು ಕರೆಯುತ್ತಿದ್ದ ಹುಡುಗಿ ಅಂದಿನಿಂದ ನೀವು ಎನ್ನತೊಡಗಿದಳು. ಎದುರು ಮಾತಾಡಲಿಲ್ಲ, ಮುನಿಸು ತೋರಿಸಲಿಲ್ಲ, ಕೇಳುವ ಮೊದಲೇ ಮನೆಗೆಲಸ ಮುಗಿಸಿಡುತ್ತಿದ್ದಳು. ಪರರ ಮನೆಯಲ್ಲಿ ಇರುವವರ ಹಾಗೆ ನೆಟ್ಟಗೆ ಇದ್ದಳು. ಮೋತಿಬಿಗೆ ಬೈಯಲು ಒಂದು ಕಾರಣವೂ ಸಿಗಲಿಲ್ಲ.

ಆ ಬೇಸಿಗೆಯ ಮೊದಲಿಗೆ ಲಕ್ಷ್ಮೇಶ್ವರದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ತೌಹೀದ, ಪಾತ್ರೆ ಅಂಗಡಿಯವನು. ಡಿಗ್ರಿ ಮುಗಿಯದೆ ಮದುವೆ ಬೇಡ ಎಂದು ಕೈನಾತಳೇ ಕುಣಿದಾಡಿ ತಪ್ಪಿಸಿದ್ದಳು. ಈಗ ತಾನಾಗಿ ಆ ಮಾತು ಎತ್ತಿದಳು.

"ಲಕ್ಷ್ಮೇಶ್ವರದವರಿಗೆ ಹ್ಞೂಂ ಅಂತ ಹೇಳಿ ಕಳಸ್ರಿ."

"ಇನ್ನೊಂದ ವರ್ಷ ಐತಿ. ಡಿಗ್ರಿ ಮುಗೀಲಿ ಕೈನಾ."

"ಬ್ಯಾಡ್ರಿ. ನಿಮಗ ಇನ್ನೆಷ್ಟು ದಿನ ತ್ರಾಸು."

"ತ್ರಾಸು ಅಂತ ನಾ ಯಾವತ್ತು ಅಂದೀನಿ?"

ಹುಡುಗಿ ನೇರವಾಗಿ ನೋಡಿದಳು. "ಇಡೀ ಜಗತ್ತಿಗೆ ಕೇಳುವಂಗ ಅಂದೀರಿ."

ಮಳೆಗಾಲದಲ್ಲಿ ನಿಕಾಹ್ ಆಯಿತು. ಮೇಘಾ ಬಂದಿದ್ದಳು, ಮದುಮಗಳಿಗೆ ತನ್ನ ತಂದೆಯ ಮಗ್ಗದಲ್ಲಿ ನೇಯ್ದ ಸೀರೆ ತಂದಿದ್ದಳು. ಕೈನಾತ ಅದನ್ನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡಳು, ಎಲ್ಲರ ಕಾಲು ಮುಟ್ಟಿದಳು, ಜೀಪು ಹತ್ತಿದಳು.

ಚಳಿಗಾಲಕ್ಕೆ ಬರುತ್ತದೆ ಎಂದ ಆಟ ಬರಲಿಲ್ಲ. ಇನ್ನೂ ದೊಡ್ಡದು ಮಾಡುತ್ತಿದ್ದೇವೆ, ಮುಂದಿನ ವರ್ಷ ಎಂದು ಕಂಪನಿ ಇನ್ನೊಂದು ವಿಡಿಯೋ ಬಿಟ್ಟಿತು. ಅದರಲ್ಲಿ ಕರಾಳಿಗೆ ಹೊಸ ಹೊಸ ಕೂಗುಗಳಿದ್ದವು, ಮೋತಿಬಿ ಎಂದೂ ಕೂಗದಿದ್ದವು. ಕೊನೆಗೆ ಬರುವ ಹೆಸರುಗಳ ಪಟ್ಟಿಯಲ್ಲಿ ನಿನ್ನ ಹೆಸರು ಹಾಕಿಸುತ್ತೇನೆ ಎಂದು ಮೇಘಾ ಹೇಳಿದಳು. "ಬ್ಯಾಡ. ಹಾಕಿದ್ರ ನಿನ್ನ ಮನಿ ಮುಂದ ಗಾಡಿ ನಿಲ್ಲಸೂದಿಲ್ಲ" ಎಂದಳು ಮೋತಿಬಿ.

ಕೈನಾತ ಶುಕ್ರವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಆರಾಮ ಅದೀರೇನ್ರಿ, ಗುಳಿಗೆ ತಗೊಂಡ್ರ್ಯಾ ಎಂದು ಕೇಳುತ್ತಿದ್ದಳು. ಬೇಸಿಗೆ ಬರುವ ಹೊತ್ತಿಗೆ ಅವಳು ಆರು ತಿಂಗಳ ಬಸುರಿ. ಮೋತಿಬಿ ಮನೆಗೆ ಸುಣ್ಣ ಹೊಡೆಸಿದಳು, ಹಾಲಿಗೆಂದು ಆಡು ಸಾಕಿದವರಿಗೆ ಹೇಳಿಟ್ಟಳು, ಗದಗಿನಲ್ಲಿ ಒಳ್ಳೆಯ ಡಾಕ್ಟರಮ್ಮ ಯಾರು ಎಂದು ನಾಲ್ಕು ಮನೆಗಳಲ್ಲಿ ವಿಚಾರಿಸಿದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಕರೆತರಲು ಯಾವ ದಿನ ಬರಲಿ ಎಂದು ಶುಕ್ರವಾರ ಕೇಳಿದಳು.

"ಬ್ಯಾಡ್ರಿ ನಾನಿ. ಹೆರಿಗಿ ಇಲ್ಲೇ ಮಾಡ್ಕೋತೀನಿ. ಅತ್ತೀನೂ ಹ್ಞೂಂ ಅಂದಾರ."

"ಹಂಗಾದ್ರ ಆ ದಿನ ನಾ ಅಲ್ಲಿಗೆ ಬರ್ತೀನಿ ಬೇಟಾ. ನಿನ್ನ ಹತ್ತಿರ ಕುಂಡ್ರತೀನಿ."

"ನೀವು ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಅವತ್ತು ನನ್ನನ್ನೋ ಕೂಸನ್ನೋ, ಯಾರನ್ನ ಉಳಸು ಅಂತ ದೇವರನ್ನ ಕೇಳಾಕತ್ತೀರೋ ಅಂತ ನಂಗ ಅಂಜಿಕಿ ಬರತೈತಿ."

ಮೋತಿಬಿ "ಆತವಾ" ಎಂದಳು. ಫೋನ್ ಇಟ್ಟು, ಗಾಡಿಗೆ ಚೀಲ ಏರಿಸಿಕೊಂಡು ಹೊರಟಳು. ಯಮನವ್ವ ಬುಟ್ಟಿ ಹಿಡಿದು ಬಂದು, "ಮೊಮ್ಮಗಳನ್ನ ಯಾವಾಗ ಕರಕೊಂಡು ಬರ್ತಿ ಮೋತಿಬಿ?" ಎಂದು ಕೇಳಿದಳು.

"ಅವರ ಮನ್ಯಾಗ ಭಾಳ ಚೊಲೊ ನೋಡ್ಕೋತಾರ್ರಿ. ಕಳಸಾಕ ಒಲ್ಲೆ ಅಂತಾರ" ಎನ್ನುತ್ತ ಮೋತಿಬಿ ತಕ್ಕಡಿಗೆ ಉಳ್ಳಾಗಡ್ಡಿ ಹಾಕಿದಳು.