ಆಕ್ಷೇಪಿಸಿದವರ ಕೈಗೆ ಮುದ್ದೆಕೋಲು

ಶಿಬಿರ ಹೂಡಿ ನಾಯಕತ್ವ ಕಲಿಸುವ ನಮ್ಮ ವಿಶ್ವವಿದ್ಯಾಲಯದ ತಂಡವನ್ನು ನಡೆಸುತ್ತಿದ್ದ ಪಂಚನಹಳ್ಳಿಯ ಅಕ್ಕ ವಾದವನ್ನೇ ಮಾಡುತ್ತಿರಲಿಲ್ಲ. ಯಾರು ಆಕ್ಷೇಪಿಸಿದರೂ ಸೊಂಟದ ಮೇಲೆ ಕೈಯಿಟ್ಟು, “ಹಂಗಾದ್ರೆ ನೀನೇ ಮಾಡು, ನೋಡಾಣ,” ಎನ್ನುವರು.

ಗುಡಾರ ಕಟ್ಟಿಸಿ ನಾಯಕತ್ವ ಕಲಿಸಲಾಗದು, ನನ್ನ ಮಾತು ಸುಳ್ಳಾದರೆ ತಂಡ ಸೇರುತ್ತೇನೆ ಎಂದು ಸವಾಲು ಹಾಕಿಯೇ ನಾನು ತರೀಕೆರೆ ಬಳಿಯ ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ಅವರು ಮುದ್ದೆಗೆ ಹಿಟ್ಟು ಸುರಿಯುವುದನ್ನು ಕಂಡು, “ಗಂಟಾಗುತ್ತೆ ಅಕ್ಕಾ,” ಎಂದೆ. ಮರುಕ್ಷಣ ಮುದ್ದೆಕೋಲು ನನ್ನ ಕೈಯಲ್ಲಿತ್ತು.

ಹಸಿದವರೆಲ್ಲ ಸುತ್ತ ನಿಂತರು. “ಲೇ, ಪಾತ್ರೆ ಹಿಡ್ಕಳೋ! ನೀನು ಉರಿ ತಗ್ಸು!” ಎಂದು ನಾನು ಕೂಗಿದಂತೆಲ್ಲ ಓಡಾಡಿದರು.

ಮೊದಲ ತುತ್ತು ನುಂಗಿದ ಅಕ್ಕ ಬಿದ್ದುಬಿದ್ದು ನಕ್ಕರು. “ಗಂಟೇನೋ ಐತೆ. ಲೀಡರ್ ಮಾತ್ರ ಚೆನ್ನಾಗಿ ಬೆಂದವ್ನೆ ಕಣ್ರೋ!”

ಪ್ರತಿವಾದ ಹೂಡೋಣವೆಂದರೆ ನನ್ನದೇ ಮುದ್ದೆಯ ಗಂಟು ಗಂಟಲಲ್ಲಿತ್ತು. ತಲೆಯಾಡಿಸಿ ತಂಡ ಸೇರಿಬಿಟ್ಟೆ.